ಹಳೇ ಟ್ರ್ಯಾಕ್ಟರ್ ಕೈ ಕೊಟ್ಟರೆ ಇಂಜಿನ್ ಬಿಚ್ಚುವ ಮೊದಲು ಏನು ನೋಡಬೇಕು?

ಮಳೆ ಬಿದ್ದು ಹೊಲ ಹದಕ್ಕೆ ಬಂದಿರುವಾಗಲೇ ಹಳೇ ಟ್ರ್ಯಾಕ್ಟರ್ ಕೈ ಕೊಡುತ್ತದೆ. ಸುತ್ತ ನಾಲ್ಕು ಜನ ಸೇರುತ್ತಾರೆ. ಒಬ್ಬರು ‘ಡೀಸೆಲ್ ಪಂಪು ಹೋಗಿದೆ’ ಅನ್ನುತ್ತಾರೆ, ಇನ್ನೊಬ್ಬರು ‘ಸಿಲಿಂಡರ್ ಬೋರ್ ಸವೆದಿದೆ, ಇಂಜಿನ್ ಬಿಚ್ಚಲೇಬೇಕು’ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಎಚ್‌ಎಂಟಿ 2511, ಮ್ಯಾಸಿ 1035, ಮಹೀಂದ್ರಾ 575ರಂಥ ಹಳೇ ಗಾಡಿಗಳ ಇಂಜಿನ್‌ನಲ್ಲಿ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಅವಕ್ಕೆ ಬೇಕಿರುವುದು ಮೂರೇ: ಗಾಳಿ, ಸರಿಯಾದ ಹೊತ್ತಿಗೆ ಡೀಸೆಲ್, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಬಿಗಿಯಾಗಿ ಒತ್ತಿಕೊಳ್ಳುವುದು). ಮೊದಲೆರಡನ್ನು ಒಂದೆರಡು ಸ್ಪ್ಯಾನರ್ ಇದ್ದರೆ ನೀವೇ ನೋಡಬಹುದು. ಖರ್ಚಿನ ದಾರಿ ಶುರುವಾಗುವುದು ಮೂರನೆಯದರಲ್ಲಿ.

ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ತೊಂದರೆ ದಿಢೀರ್ ಅಂತ ಬಂತಾ, ಮೆಲ್ಲಗೆ ಬೆಳೆಯಿತಾ? ನಿನ್ನೆ ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಇವತ್ತು ನಿಂತಿದ್ದರೆ ಅನುಮಾನ ಮೊದಲು ಡೀಸೆಲ್ ಲೈನಿನ ಮೇಲಿರಲಿ. ಪಿಸ್ಟನ್ನಿನ ರಿಂಗು, ಬೋರು ಒಂದೇ ರಾತ್ರಿಯಲ್ಲಿ ಸವೆಯುವುದಿಲ್ಲ.

ಸೆಲ್ಫ್ ಸರಿಯಾಗಿ ತಿರುಗದಿದ್ದರೆ

ಡೀಸೆಲ್ ಇಂಜಿನ್‌ಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿನಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಇಂಜಿನ್ ನಿಧಾನಕ್ಕೆ ತಿರುಗಿದರೆ ಆ ಕಾವು ಸಾಲುವುದಿಲ್ಲ. ಹಾಗಾಗಿ ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿ ಮಾಡಿ. ಬ್ಯಾಟರಿಯಿಂದ ಬಾಡಿಗೆ ಬರುವ ಅರ್ತ್ ವೈರನ್ನೂ ಮರೆಯಬೇಡಿ, ಅದು ತುಕ್ಕು ಹಿಡಿದಿರುವುದೇ ಜಾಸ್ತಿ. ಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗಲೇ ವೋಲ್ಟೇಜ್ ನೋಡಿ. 12 ವೋಲ್ಟ್ ಬ್ಯಾಟರಿ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಮೊದಲು ಅದನ್ನು ಚಾರ್ಜ್ ಮಾಡಿಸಿ.

ಬ್ಯಾಟರಿ ಚೆನ್ನಾಗಿದ್ದೂ ಇಂಜಿನ್ ಗಕ್ಕನೆ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ನೆಟ್ಟಗೆ ಮೇಲಕ್ಕೆ ನಿಂತ ಸೈಲೆನ್ಸರ್ ಮೇಲೆ ಡಬ್ಬ ಮುಚ್ಚದೆ ಮಳೆಯಲ್ಲಿ ಬಿಟ್ಟ ಗಾಡಿಯ ಸಿಲಿಂಡರಿಗೆ ನೀರು ಇಳಿದಿರಬಹುದು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಷ್ಟೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ಸ್ಟಾಪ್ ನಾಬ್ ಎಳೆದೇ ಉಳಿದಿದೆಯಾ ನೋಡಿ. ನಗಬೇಡಿ, ಕೇಬಲ್ ಸಿಕ್ಕಿಕೊಂಡು ಹೀಗಾಗುವುದು ಮಾಮೂಲು. ಆಮೇಲೆ ಟ್ಯಾಂಕಿನ ಕೆಳಗಿನ ನಲ್ಲಿ, ಟ್ಯಾಂಕ್ ಮುಚ್ಚಳದ ಗಾಳಿ ತೂತು. ಈ ತೂತು ಮಣ್ಣಿನಿಂದ ಮುಚ್ಚಿದ್ದರೆ ಗಾಡಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಸರಿಹೋದರೆ ಕಳ್ಳ ಸಿಕ್ಕಂತೆಯೇ. ಫಿಲ್ಟರ್ ಕೆಳಗಿನ ಬಟ್ಟಲು ಬಿಚ್ಚಿ ನೋಡಿ, ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಬೇರೆಯಾಗಿ ಕಾಣುತ್ತದೆ.

ಇನ್ನು ಏರ್ ಹಿಡಿಯುವುದು. ಲೈನಿನಲ್ಲಿ ಗಾಳಿ ಸೇರಿದರೆ ಪಂಪು ಡೀಸೆಲ್ ಬದಲು ಗಾಳಿಯನ್ನು ಒತ್ತುತ್ತಾ ಕೂರುತ್ತದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವುದಿಲ್ಲ. ಏರ್ ತೆಗೆಯುವ ಕ್ರಮ ಹೀಗೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೈ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ, ಪ್ರೈಮರ್ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎರಡು ಫಿಲ್ಟರ್ ಇದ್ದರೆ ಎರಡರಲ್ಲೂ, ಆಮೇಲೆ ನಾಜಲ್‌ಗೆ ಡೀಸೆಲ್ ಒತ್ತುವ ಪಂಪಿನ ಬ್ಲೀಡ್ ಸ್ಕ್ರೂನಲ್ಲೂ ಹೀಗೇ ಮಾಡಿ. ಇಷ್ಟಾದರೂ ಹೊತ್ತದಿದ್ದರೆ ನಾಜಲ್ ಪೈಪುಗಳ ನಟ್ ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಿ.

ಎರಡು ದಿನಕ್ಕೊಮ್ಮೆ ಏರ್ ತೆಗೆಯಬೇಕಾಗುತ್ತಿದೆ ಎಂದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಬಹಳ ಜನ ಡೀಸೆಲ್ ಸೋರುವ ಜಾಗ ಹುಡುಕುತ್ತಾರೆ. ಆದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಪಂಪು ಎಳೆದುಕೊಳ್ಳುತ್ತದೆ. ಅಲ್ಲಿ ಪೈಪು ಬಿರುಕು ಬಿಟ್ಟಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಮಾತ್ರ ಒಳಗೆ ಹೋಗುತ್ತಿರಬಹುದು. ಇದಕ್ಕೆ ಸುಲಭದ ಪರೀಕ್ಷೆ ಇದೆ. ಇಂಜಿನ್‌ಗಿಂತ ಎತ್ತರದಲ್ಲಿ ಶುದ್ಧ ಡೀಸೆಲ್ ಡಬ್ಬ ಕಟ್ಟಿ, ಹೊಸ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಡಿ, ಏರ್ ತೆಗೆದು ಓಡಿಸಿ. ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕ್ ಕಡೆಗಿದೆ. ಹಳೇ ರಬ್ಬರ್ ಪೈಪು, ಮತ್ತೆ ಮತ್ತೆ ಹಾಕಿದ ತಾಮ್ರದ ವಾಷರ್ ಬದಲಿಸಿ. ಕಡಿಮೆ ಖರ್ಚಿನ ಕೆಲಸ ಇದು.

ಓಡುತ್ತದೆ, ಎಳೆಯುವುದಿಲ್ಲ

ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಒಣ ಹೊಲದಲ್ಲಿ ರೊಟವೇಟರ್ ಹೊಡೆದ ಗಾಡಿಯಾದರೆ ಮೊದಲು ಏರ್ ಕ್ಲೀನರಿನ ಆಯಿಲ್ ಬಟ್ಟಲು ಇಳಿಸಿ. ಆಯಿಲ್ ಕೆಸರಾಗಿದ್ದರೆ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸದು ಹಾಕಿ. ಜಾಸ್ತಿ ಹಾಕಿದರೆ ಇಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕಣ್ಣು ಉರಿದರೆ ಅದು ಉರಿಯದ ಡೀಸೆಲ್. ಅದರ ಬದಲು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಇಂಜಿನ್ ಮಿಸ್ ಹೊಡೆಯುತ್ತಿದ್ದರೆ, ಅಂದರೆ ಒಂದು ಸಿಲಿಂಡರ್ ದುಡಿಯದೆ ಮುಗ್ಗರಿಸುತ್ತಿದ್ದರೆ, ಯಾವ ಸಿಲಿಂಡರ್ ಎಂದು ಹಿಡಿಯಬಹುದು. ಸ್ಲೋ ಓಡುವಾಗ ಪಂಪಿನ ತುದಿಯ ಪೈಪ್ ನಟ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸದ್ದು ಬದಲಾಗಿ ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಸೋಮಾರಿ ಅದೇ. ಕಣ್ಣಿಗೆ ಕನ್ನಡಕ ಇರಲಿ, ನಟ್ ಮೇಲೆ ದಪ್ಪ ಬಟ್ಟೆ ಇರಲಿ. ನಾಜಲ್ ಬಾಯಿಗೆ ಕೈ ಒಡ್ಡಲೇಬೇಡಿ. ಇಲ್ಲಿನ ಒತ್ತಡ 200 ಬಾರ್ ಆಸುಪಾಸು, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಮನ್ ರೈಲ್ (ಎಲ್ಲ ನಾಜಲ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆ ಬೇಡವೇ ಬೇಡ, ಅಲ್ಲಿ ಒತ್ತಡ ಹಲವು ಪಟ್ಟು ಜಾಸ್ತಿ.

ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ‘ಪಿಕಪ್ ಜಾಸ್ತಿ’ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ನನಗಂತೂ ಇದು ಸರಿ ಕಾಣುವುದಿಲ್ಲ. ಡೀಸೆಲ್ ಜಾಸ್ತಿ ಸುರಿಯುತ್ತದೆ, ಇಂಜಿನ್ ಕಾಯುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ. ಪಂಪು, ನಾಜಲ್ ಎರಡನ್ನೂ ಟೆಸ್ಟ್ ಬೆಂಚ್ ಇರುವ ಕಡೆಗೇ ಒಯ್ಯಿರಿ, ನಾಜಲ್ ಸಿಂಪಡಿಸುವುದನ್ನು ಎದುರಿಗೇ ನಿಂತು ನೋಡಿ. ಮಂಜಿನಂತೆ ಹರಡಬೇಕು, ಹನಿ ಬೀಳಬಾರದು.

ಕೊನೆಗೆ ಕಂಪ್ರೆಷನ್

ಡಿಪ್ ಸ್ಟಿಕ್ ತೆಗೆಯಿರಿ. ಆಯಿಲ್ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಡಯಾಫ್ರಂ ಅಥವಾ ಪಂಪಿನ ಸೀಲ್ ಸೋರುತ್ತಿರಬಹುದು. ಎರಡರಲ್ಲೂ ಇಂಜಿನ್ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಆಯಿಲ್ ಸರಿಯಿದ್ದರೆ ಬಿಸಿ ಇಂಜಿನ್ ಓಡುವಾಗ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ನೋಡಿ. ಸ್ವಲ್ಪ ಹಬೆ ಹಳೇ ಗಾಡಿಯಲ್ಲಿ ಇದ್ದದ್ದೇ. ಬುಸುಬುಸು ಹೊಗೆ ತಳ್ಳುತ್ತಿದ್ದು, ನೀಲಿ ಹೊಗೆಯೂ ಇದ್ದು, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಆಗ ರಿಂಗು, ಬೋರಿನ ಮಾತು. ಆಗಲೂ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಮೊದಲು ನೋಡಿಸಿ, ಕಂಪ್ರೆಷನ್ ಗೇಜ್ ಹಾಕಿಸಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ತೊಂದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನದು, ಹೆಡ್ ಇಳಿಸಿದರೆ ಸಾಕಾಗಬಹುದು.