ಕಲಿಯದೆ ಬರುವ ವಿದ್ಯೆ: ಸೈಬರ್‌ಪಂಕ್ ಪಾತ್ರಕ್ಕೆ ಸ್ಕಿಲ್ ಚಿಪ್ ಹಾಕುವುದು ಹೇಗೆ?

ಗುಂಡು ಹಾರಿಸುವುದರಲ್ಲಿ ನಿಮ್ಮ ಸೋಲೋ, ಅಂದರೆ ಹೊಡೆದಾಟದ ಪಾತ್ರ, ಎತ್ತಿದ ಕೈ. ಆದರೆ ಗೋದಾಮಿನ ಬಾಗಿಲಿಗೆ ಬೀಗ ಬಿದ್ದಿದ್ದರೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಾನೆ. ಮೇಜಿನ ಸುತ್ತ ಕೂತು, ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇ ಆಟಗಳಲ್ಲಿ ಇದು ಮಾಮೂಲು. ಸೈಬರ್‌ಪಂಕ್ ಆಟಗಳಲ್ಲಿ ಇದಕ್ಕೊಂದು ಅಡ್ಡದಾರಿ ಇದೆ: ತಲೆಯೊಳಗೆ ಸ್ಕಿಲ್ ಚಿಪ್, ಅಂದರೆ ಕಲಿಯದೆಯೇ ಒಂದು ವಿದ್ಯೆ (ಸ್ಕಿಲ್) ಕೊಡುವ ಚಿಪ್. 2020ರಲ್ಲಿ ಬಂದ 'ಸೈಬರ್‌ಪಂಕ್ ರೆಡ್' ನಿಯಮಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಜೇಬು ನೋಡಿಕೊಳ್ಳಿ. ನರಮಂಡಲಕ್ಕೆ ಜೋಡಿಸುವ ನ್ಯೂರಲ್ ಲಿಂಕ್‌ಗೆ 500 ಯೂರೋಬಕ್ (ಆಟದೊಳಗಿನ ಹಣ), ಚಿಪ್ ಸಿಕ್ಕಿಸುವ ಚಿಪ್‌ವೇರ್ ಸಾಕೆಟ್‌ಗೆ 500, ಚಿಪ್‌ಗೆ 500. ಪ್ಯಾರಾಮೆಡಿಕ್‌ನಂಥ ಕಷ್ಟದ ಸ್ಕಿಲ್ ಆದರೆ ಚಿಪ್ ಒಂದಕ್ಕೇ 1000. ಚಿಪ್ ಒಳಗಿರುವಷ್ಟು ಹೊತ್ತು ಆ ಸ್ಕಿಲ್‌ನ ಅಂಕ 3 ಆಗುತ್ತದೆ. ನಿಮ್ಮಲ್ಲಿ ಮೊದಲೇ 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಏನೂ ಸೇರುವುದಿಲ್ಲ.

ಹಾಗಾಗಿ ಎರಡನೇ ಹೆಜ್ಜೆ, ಸೊನ್ನೆ ಇರುವ ಸ್ಕಿಲ್ ಹುಡುಕುವುದು. ಪರ್ಸೆಪ್ಶನ್, ಸ್ಟೆಲ್ತ್, ಫಸ್ಟ್ ಏಡ್ ಸೇರಿ 13 ಮೂಲ ಸ್ಕಿಲ್‌ಗಳು ಎಲ್ಲ ಪಾತ್ರಕ್ಕೂ ಕಡಿಮೆಯೆಂದರೆ 2 ಇರುತ್ತವೆ. ಅವಕ್ಕೆ ಚಿಪ್ ಹಾಕಿದರೆ ಹೆಚ್ಚೆಂದರೆ ಒಂದು ಅಂಕ ಸಿಗುತ್ತದೆ, ಸುಮ್ನೆ ದುಡ್ಡು ದಂಡ. ಬೀಗ ತೆಗೆಯುವುದು, ಜಾಡು ಹಿಡಿಯುವುದು, ನಕಲಿ ದಾಖಲೆ ಮಾಡುವುದು, ಇಂಥವನ್ನು ನೋಡಿ. ನಮ್ಮ ಸೋಲೋನ ಟೆಕ್, ಅಂದರೆ ಉಪಕರಣ ಬಳಸುವ ಸಾಮರ್ಥ್ಯದ ಅಂಕ, 6 ಅಂದುಕೊಳ್ಳಿ. ದಾಳದಲ್ಲಿ ಬಿದ್ದದ್ದಕ್ಕೆ ಈ ಅಂಕವೂ ಸ್ಕಿಲ್‌ನ ಅಂಕವೂ ಸೇರುತ್ತವೆ. ಬೀಗದ ಕಷ್ಟದ ಮಟ್ಟ 13. ಅದನ್ನು ಮೀರಬೇಕಾದರೆ ಚಿಪ್ ಇಲ್ಲದೆ ಹತ್ತು ಮುಖದ ದಾಳದಲ್ಲಿ 8 ಬೀಳಲೇಬೇಕು. ಚಿಪ್ ಇದ್ದರೆ 5 ಸಾಕು. ಹತ್ತರಲ್ಲಿ ಮೂರು ಸಲ ತೆರೆಯುತ್ತಿದ್ದ ಬಾಗಿಲು ಈಗ ಆರು ಸಲ ತೆರೆಯುತ್ತದೆ. ಮಟ್ಟ 17 ಆದರೆ ಮಾತ್ರ ಚಿಪ್ ಇದ್ದರೂ ಒದ್ದಾಟವೇ. ಪಕ್ಕದಲ್ಲಿರುವ ತಂತ್ರಜ್ಞ ಪಾತ್ರದ ಅನ್ನ ಕಿತ್ತುಕೊಳ್ಳದೆ ನಿಮಗೂ ಒಂದು ಅವಕಾಶ ಸಿಗುತ್ತದೆ. ಈ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಇನ್ನು ಮೂರನೆಯದು, ಹೊಸಬರು ಎಡವುವ ಜಾಗ: ಹ್ಯುಮ್ಯಾನಿಟಿ, ಅಂದರೆ ಪಾತ್ರದಲ್ಲಿ ಉಳಿದ ಮನುಷ್ಯತ್ವದ ಅಂಕ. ಪಾತ್ರ ಕಟ್ಟುವಾಗ ಲಿಂಕ್, ಸಾಕೆಟ್, ಚಿಪ್ ಒಂದೊಂದಕ್ಕೂ 7 ಕಳೆಯಿರಿ. ಆಟದ ನಡುವೆ ಹಾಕಿಸಿದರೆ ಆರು ಮುಖದ ಎರಡು ದಾಳ ಉರುಳಿಸಿ, ಬಿದ್ದಷ್ಟು ಕಳೆಯಿರಿ. ಎಂಪಥಿ (ಬೇರೆಯವರ ಮನಸ್ಸಿಗೆ ಸ್ಪಂದಿಸುವ ಗುಣ) 6 ಇದ್ದವನ ಹ್ಯುಮ್ಯಾನಿಟಿ ಅದರ ಹತ್ತು ಪಟ್ಟು, 60. ಅದರಲ್ಲಿ 21 ಹೋದರೆ 39, ಹತ್ತರ ಸ್ಥಾನದ ಅಂಕಿಯೇ ಎಂಪಥಿ, ಅಲ್ಲಿಗೆ ಅದು 3ಕ್ಕೆ ಕುಸಿಯಿತು. ಈಗ ಇದೇ ಮನುಷ್ಯ ಹಾಕಿಸಿಕೊಂಡದ್ದು ಕಾನ್ವರ್ಸೇಶನ್ (ಮಾತುಗಾರಿಕೆ) ಚಿಪ್ ಅನ್ನಿ. ಆ ಸ್ಕಿಲ್ ನಿಂತಿರುವುದೇ ಎಂಪಥಿ ಮೇಲೆ. ಮೊದಲು 6 ಮತ್ತು 2 ಸೇರಿ 8 ಇತ್ತು. ಈಗ 3 ಮತ್ತು 3 ಸೇರಿ 6. ಸಾವಿರದ ಐನೂರು ಕೊಟ್ಟು ಮಾತು ಮರೆತ ಹಾಗಾಯಿತು, ಅಲ್ವಾ? ಮೊದಲೇ ನ್ಯೂರಲ್ ಲಿಂಕ್ ಇರುವ ಪಾತ್ರಕ್ಕೆ ಹೊಡೆತ ಕಡಿಮೆ.

ಎರಡನೇ ಚಿಪ್ ಬೇಕೆಂದರೆ ಹೊಸ ಸಾಕೆಟ್ ಬೇಡ, ಇರುವುದರಲ್ಲೇ ಬದಲಿಸಬಹುದು. ಹ್ಯುಮ್ಯಾನಿಟಿ ಹೋಗುವುದು ಆ ಚಿಪ್ ಮೊದಲ ಸಲ ಹಾಕಿದಾಗ ಮಾತ್ರ. ಆದರೆ ಹಾಕಲು, ತೆಗೆಯಲು ಒಂದೊಂದು ಆ್ಯಕ್ಷನ್ (ನಿಮ್ಮ ಸರದಿಯಲ್ಲಿ ಮಾಡುವ ಕೆಲಸ) ಬೇಕು. ಗುಂಡಿನ ಸುರಿಮಳೆಯಲ್ಲಿ ಅದು ದುಬಾರಿ.

ಆಮೇಲೆ ಕಥೆ. ಇದು ನಿಯಮದಲ್ಲಿಲ್ಲ, ನನ್ನ ಸಲಹೆ. ಚಿಪ್ ಎಲ್ಲಿಂದ ಬಂತು ಎಂದು ಆಟ ನಡೆಸುವ ಗೇಮ್‌ಮಾಸ್ಟರ್ ಜೊತೆ ಕೂತು ಮೊದಲೇ ಮಾತಾಡಿ. ಫಿಕ್ಸರ್ (ಭೂಗತ ದಲ್ಲಾಳಿ) ಸಾಲಕ್ಕೆ ಕೊಟ್ಟದ್ದೋ, ಸತ್ತ ಗೆಳೆಯನದೋ? ಬೀಗ ತೆಗೆಯುವಾಗ ಸೋಲೋನ ಬೆರಳು ತಾನಾಗಿ ಓಡುತ್ತದೆ, ಯಾಕೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಯಾರಾದರೂ "ಎಲ್ಲಿ ಕಲಿತೆಯೋ?" ಎಂದರೆ ಏನು ಹೇಳುತ್ತಾನೆ? ಇದಕ್ಕೆ ಉತ್ತರ ಹೊಳೆದರೆ ಪಾತ್ರ ಅರ್ಧ ಬೆಳೆದಂತೆಯೇ.

1989ರಿಂದ ಇರುವ 'ಶ್ಯಾಡೋರನ್' ಆಡುವವರಿಗೆ ಇದೇ ಕೆಲಸಕ್ಕೆ ಸ್ಕಿಲ್‌ವೈರ್ ಇದೆ. ಅಲ್ಲಿ ಇಂಪ್ಲಾಂಟ್ ಹಾಕಿದರೆ ಎಸೆನ್ಸ್ (ಜೀವಸತ್ವದ ಅಂಕ) ಇಳಿಯುತ್ತದೆ, ಅದರ ಜೊತೆ ಮಂತ್ರಶಕ್ತಿಯೂ. ಹಾಗಾಗಿ ಮಾಂತ್ರಿಕ ಪಾತ್ರಕ್ಕೆ ಬೇಡವೇ ಬೇಡ.

'ರೆಡ್'ನಲ್ಲಿ ಸಾಮಾನ್ಯ ಸ್ಕಿಲ್ ಒಂದನ್ನು ಸೊನ್ನೆಯಿಂದ 3ರವರೆಗೆ ಸ್ವಂತವಾಗಿ ಕಲಿಯಲು 120 ಇಂಪ್ರೂವ್‌ಮೆಂಟ್ ಪಾಯಿಂಟ್ (ಆಡುತ್ತಾ ಗಳಿಸುವ ಅಂಕ) ಬೇಕು. ಅಷ್ಟು ಕೂಡಿದ ದಿನ ಚಿಪ್ ತೆಗೆದು ತಂಡದ ಬೇರೊಬ್ಬರಿಗೆ ಕೊಟ್ಟುಬಿಡಿ. ಕಳೆದ ಹ್ಯುಮ್ಯಾನಿಟಿ ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ, ಅದಕ್ಕೆ ಥೆರಪಿಗೆ ಬೇರೆ ದುಡ್ಡು ಎತ್ತಿಡಿ.