ಮುಟ್ಟು ನಿಂತ ಮೇಲಿನ ಉರಿ: ಈಸ್ಟ್ರೋಜನ್ ಕ್ರೀಮ್ ಯಾರಿಗೆ, ಎಷ್ಟು, ಹೇಗೆ?

ಮುಟ್ಟು ನಿಂತು ಕೆಲವು ವರ್ಷ ಕಳೆದ ಮೇಲೆ ಯೋನಿಯಲ್ಲಿ ಉರಿ, ಒಣಗಿದಂತಾಗುವುದು, ಕೂಡುವಾಗ ನೋವು, ಮತ್ತೆ ಮತ್ತೆ ಮೂತ್ರದ ಸೋಂಕು. ಕಾರವಾರವಿರಲಿ, ಶಿರಸಿಯಿರಲಿ, ಮನೆಯಲ್ಲಿ ಇದಕ್ಕೆ ಹೇಳುವುದು 'ಉಷ್ಣ ಆಗಿದೆ' ಎಂದೇ. ಎಳನೀರು, ಲಾವಂಚದ ನೀರು ಕುಡಿದರೆ ಮೂತ್ರ ತಿಳಿಯಾಗಿ ಉರಿ ಸ್ವಲ್ಪ ತಗ್ಗೀತು, ಮೂಲ ಹಾಗೇ ಉಳಿಯುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಾಗ ಯೋನಿಯ ಒಳಪದರ ತೆಳುವಾಗುತ್ತದೆ. ಅಲ್ಲಿ ಹುಳಿ ಕಾಯ್ದುಕೊಳ್ಳುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ರೋಗಾಣುಗಳು ನೆಲೆಯೂರುತ್ತವೆ. ಮೈ ಬಿಸಿಯೇರುವ ತೊಂದರೆ ಸಾಮಾನ್ಯವಾಗಿ ಕಾಲಕ್ರಮದಲ್ಲಿ ಇಳಿಯುತ್ತದೆ, ಇದು ತಾನಾಗಿ ಇಳಿಯುವುದು ಕಡಿಮೆ.

ಔಷಧ ಅಂಗಡಿಗೆ ಹೋಗುವ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಆಗಲಿ. ಮಧುಮೇಹದಿಂದ ಬರುವ ಶಿಲೀಂಧ್ರದ ತುರಿಕೆಗೆ, ಚರ್ಮ ಬೆಳ್ಳಗಾಗಿ ಬರುವ ತುರಿಕೆಗೆ ಚಿಕಿತ್ಸೆಯೇ ಬೇರೆ. ಸೋಪು, ಆಂಟಿಸೆಪ್ಟಿಕ್ ನೀರಿನಿಂದ ಒಳಗೆ ತೊಳೆಯುವುದನ್ನು ಇಂದೇ ಬಿಡಿ. ಉರಿ ಹೆಚ್ಚಿಸುವುದರಲ್ಲಿ ಅದರ ಪಾಲು ದೊಡ್ಡದು.

ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ಈಸ್ಟ್ರೋಜನ್‌ನದೇ ಒಂದು ಬಗೆಯಾದ ಎಸ್ಟ್ರಿಯಾಲ್ ಕ್ರೀಮ್, ಒಂದು ಗ್ರಾಮಿನಲ್ಲಿ 1 ಮಿಲಿಗ್ರಾಂ. ರಾತ್ರಿ ಮಲಗುವಾಗ 0.5 ಗ್ರಾಂ, 2–3 ವಾರ ದಿನವೂ. ಆಮೇಲೆ ವಾರಕ್ಕೆ ಎರಡು ಸಲ. ಅಂಗಾತ ಮಲಗಿ, ಮೊಣಕಾಲು ಮಡಚಿ, ಕ್ರೀಮಿನ ಜೊತೆ ಬರುವ ಕೊಳವೆಯನ್ನು ಗುರುತಿನವರೆಗೆ ತುಂಬಿ ಒಳಗೆ ಬಿಡಿ. ಕೊಳವೆ ನೋಯಿಸಿದರೆ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಕ್ರೀಮನ್ನು ಬೆರಳಿನಿಂದಲೇ ಹಚ್ಚಬಹುದು, ಅದು ಸುಮಾರು ಅರ್ಧ ಗ್ರಾಂ. ಕೊಳವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಕುದಿಸಬೇಡಿ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಬೇಡ. ಕೂಡುವ ಮುಂಚೆ ಜಾರಿಕೆಗೆಂದು ಇದನ್ನು ಹಚ್ಚಬಾರದು, ಅದಕ್ಕೆ ಹಾರ್ಮೋನ್ ಇಲ್ಲದ ಜೆಲ್ ಬೇರೆ ಇದೆ.

ಎಡವುವುದು ಇಲ್ಲಿ: ಮೊದಲ ವಾರ ಹಚ್ಚಿದ ಜಾಗ ಕೊಂಚ ಉರಿಯುತ್ತದೆ, 'ಆಗಿಬರಲಿಲ್ಲ' ಎಂದು ಟ್ಯೂಬು ಮೂಲೆ ಸೇರುತ್ತದೆ. ಒಳಪದರ ಇನ್ನೂ ತೆಳುವಾಗಿರುವುದೇ ಆ ಉರಿಗೆ ಕಾರಣ. ಪೂರ್ಣ ಗುಣ ಕಾಣಲು 12 ವಾರ ಬೇಕಾಗಬಹುದು. ವಾಸಿಯಾಯಿತೆಂದು ನಿಲ್ಲಿಸಿದರೂ ತೊಂದರೆ ಮರಳುತ್ತದೆ.

ಅಪಾಯದ ಲೆಕ್ಕ ನೋಡೋಣ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯ ಎಚ್ಚರಿಕೆ ಕೊಟ್ಟಿದ್ದು ನುಂಗುವ ಹಾರ್ಮೋನ್ ಮಾತ್ರೆಗಳ ಬಗ್ಗೆ. ಕ್ರೀಮಿನ ಚೀಟಿಯಲ್ಲೂ ಅದೇ ಎಚ್ಚರಿಕೆ ಅಚ್ಚಾಗಿ ಬಂದು ಎಷ್ಟೋ ಹೆಂಗಸರನ್ನು ಸುಮ್ಮನೆ ಹೆದರಿಸಿದೆ. ಈ ಅಳತೆಯಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ; ಮೊದಲ ವಾರಗಳಲ್ಲಿ ತುಸು ಹೆಚ್ಚು, ಪದರ ದಪ್ಪವಾದಂತೆ ಕಡಿಮೆ. ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯಲು ಜೊತೆಗೆ ಪ್ರೊಜೆಸ್ಟರಾನ್ ಹಾರ್ಮೋನ್ ಸಾಮಾನ್ಯವಾಗಿ ಬೇಡ. ಅದೇ ಕಾರಣಕ್ಕೆ ಮೂಳೆ ಸವೆತಕ್ಕಾಗಲಿ ಮೈ ಬಿಸಿಗಾಗಲಿ ಇದರಿಂದ ಉಪಯೋಗವೂ ಇಲ್ಲ. ಲಾಭದ ಕಡೆ, ಮೂತ್ರದ ಸೋಂಕು ಮರುಕಳಿಸುತ್ತಿದ್ದ ಮಹಿಳೆಯರ ಮೇಲೆ 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಸ್ಟ್ರಿಯಾಲ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸೋಂಕು, ಔಷಧವಿಲ್ಲದ ಹುಸಿ ಕ್ರೀಮಿನವರಿಗೆ 5.9.

ಸ್ತನ ಕ್ಯಾನ್ಸರ್ ಆದವರು ಮೊದಲು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಬಳಸಿ ನೋಡಬೇಕು. ಸಾಲದಿದ್ದರೆ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಮುಂದಿನದು. ಈಸ್ಟ್ರೋಜನ್ ತಗ್ಗಿಸುವ ಕ್ಯಾನ್ಸರ್ ಮಾತ್ರೆಗಳಾದ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ನುಂಗುತ್ತಿರುವವರು ಹೆಚ್ಚು ಜಾಗ್ರತೆಯಿಂದಿರಬೇಕು.

ಮುಟ್ಟು ನಿಂತ ಮೇಲೆ ರಕ್ತದ ಕಲೆ ಒಮ್ಮೆ ಕಂಡರೂ ಕ್ರೀಮ್ ಹಚ್ಚಬೇಡಿ. ಮೊದಲು ಸ್ಕ್ಯಾನ್ ಆಗಲಿ. ಗರ್ಭಕೋಶದ ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ. ಪದರ ತೆಳುವಿದ್ದೂ ರಕ್ತ ಮತ್ತೆ ಕಂಡರೆ ಮತ್ತೆ ಹೋಗಿ.