ಹಲ್ಲೂ ಇರಬೇಕು, ಕಡ್ಲೆಯೂ ಇರಬೇಕು: ನ್ಯೂಯಾರ್ಕಿನಲ್ಲಿ ಕಡಿಮೆ ಬೆಲೆಯ ಕೋ-ಆಪ್ ಮನೆ ಕೊಳ್ಳುವುದು ಹೇಗೆ?

ಹಾರ್ಲೆಮ್‌ನಲ್ಲಿ ಒಂದು ಬೆಡ್‌ರೂಮಿನ ಮನೆ. ಬೆಲೆ ಅಕ್ಕಪಕ್ಕದ ಮನೆಗಳಿಗಿಂತ ಎಷ್ಟೋ ಕಡಿಮೆ. ಜಾಹೀರಾತಿನ ಕೊನೆಯಲ್ಲಿ 'ಎಚ್‌ಡಿಎಫ್‌ಸಿ, ಆದಾಯ ಮಿತಿ ಇದೆ' ಎಂದು ಒಂದು ಸಾಲು. ಇದನ್ನು ನೋಡಿದ ನಮ್ಮವರು ಮೊದಲು ಕೇಳುವುದೇ, 'ನಮ್ಮ ಎಚ್‌ಡಿಎಫ್‌ಸಿ ಬ್ಯಾಂಕು ಇಲ್ಲಿಗೂ ಬಂತಾ?' ಅಂತ. ಇಲ್ಲ, ಬ್ಯಾಂಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಹೌಸಿಂಗ್ ಡೆವಲಪ್‌ಮೆಂಟ್ ಫಂಡ್ ಕಾರ್ಪೊರೇಷನ್. ಹೆಚ್ಚು ಆದಾಯ ಇಲ್ಲದವರಿಗಾಗಿಯೇ ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ ಹುಟ್ಟಿದ ಕೋ-ಆಪ್, ಅಂದರೆ ನಿವಾಸಿಗಳೇ ಸೇರಿ ನಡೆಸುವ ಸಹಕಾರಿ ವಸತಿ ಕಟ್ಟಡ.

1970ರ ದಶಕದಲ್ಲಿ ಈ ಊರಿನ ಎಷ್ಟೋ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನು ಬಿಟ್ಟು ಹೋದರು. ಅವು ನಗರಾಡಳಿತದ ಕೈಗೆ ಬಂದವು. ಹೀಟರ್ ಇಲ್ಲ, ನೀರು ಸರಿಯಿಲ್ಲ, ಆದರೂ ಬಾಡಿಗೆಯವರು ಅಲ್ಲೇ ಉಳಿದು ಕಟ್ಟಡ ನಡೆಸಿದರು. ಮುಂದೆ ಅವರಿಗೇ ಒಂದು ಮನೆಗೆ 250 ಡಾಲರಿನಂತೆ ಮಾರಲಾಯಿತು. ಅಂಥ ಕೋ-ಆಪ್‌ಗಳು ಈಗ ಸಾವಿರಕ್ಕೂ ಜಾಸ್ತಿ ಇವೆ. 250 ಡಾಲರಿಗಂತೂ ಈಗ ಸಿಗುವುದಿಲ್ಲ ಬಿಡಿ.

ಕೋ-ಆಪ್‌ನಲ್ಲಿ ನಿಮ್ಮ ಹೆಸರಿಗೆ ಮನೆಯ ಕ್ರಯಪತ್ರ ಆಗುವುದಿಲ್ಲ. ಇಡೀ ಕಟ್ಟಡ ಒಂದು ಕಂಪನಿಯದ್ದು. ನೀವು ಕೊಳ್ಳುವುದು ಅದರ ಷೇರುಗಳನ್ನು. ಜೊತೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿನ ಲೀಸ್ ಸಿಗುತ್ತದೆ. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಬೇಕು.

ಮೊದಲು ಆದಾಯದ ಲೆಕ್ಕ

ಮನೆ ನೋಡಲು ಹೋಗುವ ಮೊದಲೇ ಆ ಕಟ್ಟಡದ ಮಿತಿ ಎಷ್ಟು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಎಲ್ಲ ಕಟ್ಟಡಗಳಿಗೂ ಒಂದೇ ನಿಯಮ ಇಲ್ಲ. ಹಲವು ಕಡೆ ಸರ್ಕಾರ ಪ್ರತಿವರ್ಷ ಪ್ರಕಟಿಸುವ 'ಪ್ರದೇಶದ ಮಧ್ಯಮ ಆದಾಯ'ವೇ ಅಳತೆ. 2024ರಲ್ಲಿ ನಾಲ್ಕು ಜನರ ಕುಟುಂಬಕ್ಕೆ ಅದು ವರ್ಷಕ್ಕೆ 1,55,300 ಡಾಲರ್ ಇತ್ತು. ಕಟ್ಟಡದ ಮಿತಿ ಶೇ 120 ಆಗಿದ್ದರೆ 1,86,360ರವರೆಗೆ ಸರಿ. ಶೇ 80 ಆಗಿದ್ದರೆ 1,24,240ಕ್ಕೆ ನಿಲ್ಲಬೇಕು. ಗಂಡ ಹೆಂಡತಿ ಇಬ್ಬರದ್ದೂ ಸೇರಿಸಿ ಎಣಿಸುತ್ತಾರೆ. ಇಬ್ಬರೂ ಸಾಫ್ಟ್‌ವೇರ್ ಆಗಿದ್ದರೆ ಸುಮ್ನೆ ಅರ್ಜಿ ಹಾಕಬೇಡಿ.

ಇನ್ನು ಕೆಲವು ಕಡೆ ಹಳೇ ಸೂತ್ರ ಇದೆ. ವರ್ಷದ ಮೇಂಟೆನೆನ್ಸ್, ಕರೆಂಟು-ಗ್ಯಾಸು, ಮೊದಲ ಖರೀದಿ ಬೆಲೆಯ ಶೇ 6, ಇವನ್ನು ಕೂಡಿಸಿ ಆರರಿಂದ ಗುಣಿಸುವುದು. ತಿಂಗಳಿಗೆ ಮೇಂಟೆನೆನ್ಸ್ 800, ಕರೆಂಟು-ಗ್ಯಾಸಿಗೆ 100 ಡಾಲರ್ ಎಂದುಕೊಳ್ಳಿ. ವರ್ಷಕ್ಕೆ 10,800 ಆಯಿತು. ಮೊದಲ ಬೆಲೆ 250 ಆಗಿದ್ದರೆ ಅದರ ಶೇ 6 ಅಂದರೆ 15 ಡಾಲರ್. ಒಟ್ಟು 10,815. ಆರರಿಂದ ಗುಣಿಸಿದರೆ 64,890. ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಆ ಮನೆ ಇಲ್ಲ. ಮೇಂಟೆನೆನ್ಸ್ ಕಡಿಮೆ ಇದ್ದಷ್ಟೂ ಮಿತಿ ಬಿಗಿ, ಗಮನಿಸಿದಿರಲ್ವಾ?

ದುಡ್ಡು ಎಲ್ಲಿಂದ?

ಹಲ್ಲಿದ್ದವರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತೇವಲ್ಲ, ಇಲ್ಲಿ ಅದೇ ಕಥೆ. ಸಂಬಳ ಕಡಿಮೆ ಇರಬೇಕು, ಕೈಯಲ್ಲಿ ಗಂಟು ದೊಡ್ಡದಿರಬೇಕು. ಏಕೆಂದರೆ ಇಂಥ ಎಷ್ಟೋ ಕಟ್ಟಡಗಳಿಗೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಜಾಹೀರಾತಿನಲ್ಲಿ 'ನಗದು ಮಾತ್ರ' ಎಂದಿದ್ದರೆ ಕಾರಣ ಸಾಮಾನ್ಯವಾಗಿ ಅದೇ. ಹಾಗಾಗಿ, ನನ್ನ ಅನಿಸಿಕೆ ಕೇಳಿದರೆ, ಈ ಮನೆಗಳು ಕೊನೆಗೆ ಸೇರುವುದು ಅಪ್ಪ ಅಮ್ಮ ದುಡ್ಡು ಕೊಡಬಲ್ಲ ಮಕ್ಕಳಿಗೇ ಜಾಸ್ತಿ. ಕಾನೂನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಅದಲ್ಲ.

ಊರಿಂದ ಅಪ್ಪ ಹಣ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಉಡುಗೊರೆ ವರ್ಷಕ್ಕೆ 1,00,000 ಡಾಲರ್ ದಾಟಿದರೆ ನೀವು ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 3520ರಲ್ಲಿ ತಿಳಿಸಬೇಕು. ತೆರಿಗೆ ಇರುವುದಿಲ್ಲ, ತಿಳಿಸದಿದ್ದರೆ ದಂಡ ಮಾತ್ರ ಜೋರು. 'ಇದು ಸಾಲ ಅಲ್ಲ, ಉಡುಗೊರೆ' ಎಂದು ಅಪ್ಪನಿಂದ ಪತ್ರ ಬರೆಸಿಕೊಳ್ಳಿ. ಊರಲ್ಲಿ ನಿಮ್ಮ ಹೆಸರಿನಲ್ಲಿ ಮನೆ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಬೇರೆ ಆಸ್ತಿ ಇರಬಾರದು ಎನ್ನುವ ಕಟ್ಟಡಗಳೂ ಇವೆ.

ಕಟ್ಟಡದ ಜಾತಕ

ಇಲ್ಲಿ ಅವಸರ ಮಾಡಲೇಬಾರದು. ಮನೆಯ ಟೈಲ್ಸ್ ನೋಡಿ ಮರುಳಾಗಬೇಡಿ, ಬೇಸ್‌ಮೆಂಟಿಗೆ ಇಳಿದು ಬಾಯ್ಲರ್ ನೋಡಿ. ಅದರ ಕೆಳಗೆ ಬಕೆಟ್ ಇಟ್ಟಿದ್ದರೆ ಉತ್ತರ ಸಿಕ್ಕಿದಂತೆ. ಮೇಲೆ ಹತ್ತಿ ಕೊನೆಯ ಮಹಡಿಯ ಚಾವಣಿಯಲ್ಲಿ ನೀರಿನ ಕಲೆ ಇದೆಯಾ ನೋಡಿ. ಇವುಗಳಲ್ಲಿ ಎಷ್ಟೋ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಅತ್ತೆ ಮಾವ ಆರು ತಿಂಗಳು ಬಂದು ಇರುವವರಾದರೆ ಐದನೇ ಮಹಡಿ ಬೇಡ.

ನಗರಾಡಳಿತದ ಅಕ್ರಿಸ್ ಎಂಬ ವೆಬ್‌ಸೈಟಿನಲ್ಲಿ ಕಟ್ಟಡದ ದಾಖಲೆಗಳನ್ನು ಪುಕ್ಕಟೆ ನೋಡಬಹುದು. ಆದಾಯ ಮಿತಿಯಂಥ ನಿಯಮಗಳಿರುವ, ಸರ್ಕಾರದ ಜೊತೆಗಿನ ಒಪ್ಪಂದ ನೋಂದಣಿಯಾಗಿದ್ದರೆ ಅಲ್ಲೇ ಸಿಗುತ್ತದೆ. ವಸತಿ ಇಲಾಖೆ ಎಚ್‌ಪಿಡಿಯ ಸೈಟಿನಲ್ಲಿ ನಿಯಮ ಉಲ್ಲಂಘನೆಗಳ ಪಟ್ಟಿ ಇದೆ. ಅದರಲ್ಲಿ 'ಸಿ' ದರ್ಜೆಯವು ಅಪಾಯಕಾರಿ. ತೆರಿಗೆ, ನೀರಿನ ಬಿಲ್ ಬಾಕಿ ಉಳಿಸಿಕೊಂಡ ಕಟ್ಟಡಗಳನ್ನು ನಗರಾಡಳಿತ ಬೇರೆಯವರಿಗೆ ವಹಿಸಿ, ಷೇರುದಾರರು ಮತ್ತೆ ಬಾಡಿಗೆಯವರಾದದ್ದೂ ಇದೆ. ಬಹಳಷ್ಟು ಎಚ್‌ಡಿಎಫ್‌ಸಿಗಳಿಗೆ ಇರುವ ಆಸ್ತಿ ತೆರಿಗೆ ರಿಯಾಯಿತಿಯ ಗಡುವು 2029. ಆಮೇಲೆ ಮೇಂಟೆನೆನ್ಸ್ ಏನಾಗಬಹುದು ಎಂದು ಬೋರ್ಡನ್ನು, ಅಂದರೆ ಕಟ್ಟಡ ನಡೆಸುವ ಷೇರುದಾರರ ಸಮಿತಿಯನ್ನು ಕೇಳಿ. ತಡವರಿಸಿದರೆ ನೀವೂ ಯೋಚಿಸಿ.

ಲಾಯರ್ ಬೇಕೇ ಬೇಕು, ಅದೂ ಎಚ್‌ಡಿಎಫ್‌ಸಿ ವ್ಯವಹಾರ ಮಾಡಿದವರು. ಕಳೆದ ಎರಡು ವರ್ಷದ ಲೆಕ್ಕಪತ್ರ, ಬೋರ್ಡ್ ಮೀಟಿಂಗಿನ ನಡಾವಳಿ ಅವರು ಓದಲಿ. ಆಮೇಲೆಯೇ ಕರಾರಿಗೆ ಸಹಿ ಹಾಕಿ. ಮುಂಗಡ ಸಾಮಾನ್ಯವಾಗಿ ಶೇ 10. ಮಾರುವಾಗಿನ ಫ್ಲಿಪ್ ಟ್ಯಾಕ್ಸ್ ಎಷ್ಟು ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಲಾಭದ ಶೇ 30 ಕೇಳುವುದು ಅಪರೂಪವಲ್ಲ. 3 ಲಕ್ಷಕ್ಕೆ ಕೊಂಡು 4 ಲಕ್ಷಕ್ಕೆ ಮಾರಿದರೆ 30,000 ಡಾಲರ್ ಕೋ-ಆಪ್‌ಗೆ ಹೋಗುತ್ತದೆ. ಬಾಡಿಗೆಗೆ ಬಿಟ್ಟು ಊರಿಗೆ ಹೋಗುತ್ತೇನೆ ಎಂಬ ಲೆಕ್ಕಾಚಾರವೂ ನಡೆಯುವುದಿಲ್ಲ. ನೀವೇ ವಾಸಿಸಬೇಕು.

ಬೋರ್ಡ್ ಮುಂದೆ

ತೆರಿಗೆ ರಿಟರ್ನ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಶಿಫಾರಸು ಪತ್ರ ಎಲ್ಲ ಸೇರಿ ದಪ್ಪ ಕಡತವಾಗುತ್ತದೆ. ಸಂದರ್ಶನ ಮಾತ್ರ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಪ್ರಶ್ನೆ ಕೇಳುವವರು ನಾಳೆ ನಿಮ್ಮ ಪಕ್ಕದ ಮನೆಯವರು. ಕೆಲವರು ಹೀಟರ್ ಇಲ್ಲದ ಚಳಿಗಾಲಗಳನ್ನು ಆ ಕಟ್ಟಡದಲ್ಲೇ ಕಳೆದವರು. ಅವರ ಮುಂದೆ 'ಒಳ್ಳೇ ಇನ್ವೆಸ್ಟ್‌ಮೆಂಟ್' ಎಂಬ ಮಾತು ಎತ್ತಬೇಡಿ. ಬೇಡ ಎಂದರೆ ಕಾರಣ ಹೇಳದೆಯೂ ಇರಬಹುದು.

ಒಪ್ಪಿದರೆ ಕ್ಲೋಸಿಂಗ್. ಬಾಕಿ ಹಣ ಕೊಟ್ಟು ಷೇರು ಪತ್ರ, ಲೀಸ್ ಪಡೆಯುವುದು. ಸಾಲ ಸಿಕ್ಕಿದ್ದರೆ ಆ ಎರಡೂ ಬ್ಯಾಂಕಿನ ಕಪಾಟಿಗೆ ಹೋಗುತ್ತವೆ. ನಿಮ್ಮ ಕೈಗೆ ಬರುವುದು ಕೀಲಿ, ಜೊತೆಗೆ ಮುಂದಿನ ತಿಂಗಳ ಮೇಂಟೆನೆನ್ಸ್ ಬಿಲ್ಲು.